ಥೈರಾಯ್ಡ್ ಮಾತ್ರೆ ಶುರುವಾಗಿದೆ, ಪೈಲಟ್ ಮೆಡಿಕಲ್ ಹತ್ತಿರ ಬಂದಿದೆ: ಏನು ಮಾಡಬೇಕು?

ಪ್ರಶ್ನೆ: ನಾನು ಏರ್‌ಲೈನ್ ಒಂದರಲ್ಲಿ ಕೋ-ಪೈಲಟ್, ವಯಸ್ಸು 34. ಕೆಲವು ತಿಂಗಳಿಂದ ತುಂಬಾ ಸುಸ್ತು, ತೂಕ ಬೇರೆ ಏರಿದೆ. ರೋಸ್ಟರ್‌ನಿಂದ (ಡ್ಯೂಟಿ ವೇಳಾಪಟ್ಟಿಯಿಂದ) ಹೀಗಾಗುತ್ತಿದೆ ಅಂದುಕೊಂಡಿದ್ದೆ. ರಕ್ತ ಪರೀಕ್ಷೆ ಮಾಡಿಸಿದರೆ ಟಿಎಸ್‌ಎಚ್ 14, ಫ್ರೀ ಟಿ4 ಸ್ವಲ್ಪ ಕಡಿಮೆ. ಡಾಕ್ಟರ್ ದಿನಕ್ಕೆ 75 ಮೈಕ್ರೋಗ್ರಾಂ ಲೆವೊಥೈರಾಕ್ಸಿನ್ ಬರೆದಿದ್ದಾರೆ. ಕ್ಲಾಸ್ 1 ಮೆಡಿಕಲ್ (ಏರ್‌ಲೈನ್ ಪೈಲಟ್‌ಗೆ ಬೇಕಾದ ಆರೋಗ್ಯ ಸರ್ಟಿಫಿಕೇಟ್) ನವೀಕರಣಕ್ಕೆ ಇನ್ನು ನಾಲ್ಕು ತಿಂಗಳಿದೆ. "ಯಾರಿಗೂ ಹೇಳಬೇಡ, ಮಾತ್ರೆ ತಗೊಂಡು ಸುಮ್ನಿರು" ಅಂತ ಸಹೋದ್ಯೋಗಿಯೊಬ್ಬರ ಸಲಹೆ. ನನ್ನ ಲೈಸೆನ್ಸ್ ಹೋಗುತ್ತಾ? ಈಗ ಫ್ಲೈ ಮಾಡಬಹುದಾ? ನನ್ನ ಬ್ಯಾಚ್‌ಮೇಟ್ ಒಬ್ಬನಿಗೆ ಹೈಪರ್‌ಥೈರಾಯ್ಡ್ ಅಂತ ಈಗಷ್ಟೇ ಗೊತ್ತಾಗಿದೆ, ಅವನಿಗೂ ಇದೇ ನಿಯಮಾನಾ?

ಉತ್ತರ: ಮೊದಲನೆಯದಕ್ಕೆ ನೇರವಾಗಿ ಹೇಳಿಬಿಡುತ್ತೇನೆ. ಹೈಪೋಥೈರಾಯ್ಡ್, ಅಂದರೆ ಥೈರಾಯ್ಡ್ ಹಾರ್ಮೋನ್ ಕಡಿಮೆಯಾಗುವುದು, ಬಂತು ಅಂತ ಲೈಸೆನ್ಸ್ ಹೋಗುವುದಿಲ್ಲ. ದಿನಾ ಒಂದು ಮಾತ್ರೆ ನುಂಗುತ್ತಾ, ವರ್ಷ ವರ್ಷ ಕ್ಲಾಸ್ 1 ಪಾಸಾಗುತ್ತಾ, ನಿವೃತ್ತಿಯವರೆಗೂ ವಿಮಾನ ಹಾರಿಸಿದವರು ಎಷ್ಟೋ ಜನ ಇದ್ದಾರೆ. ಎರಡನೆಯದು, ಈಗ ಫ್ಲೈ ಮಾಡಬಹುದಾ? ಸದ್ಯಕ್ಕೆ ಬೇಡ. ನಿಮಗೆ ಟಿಎಸ್‌ಎಚ್ (ಥೈರಾಯ್ಡ್‌ಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನ್) ಏರಿರುವುದಷ್ಟೇ ಅಲ್ಲ, ಫ್ರೀ ಟಿ4 (ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನ್) ಕೂಡ ಇಳಿದಿದೆ, ಜೊತೆಗೆ ಸುಸ್ತೂ ಇದೆ. ಈ ಮೂರೂ ಒಟ್ಟಿಗೆ ಇದ್ದಾಗ ಕಾಕ್‌ಪಿಟ್‌ನಿಂದ ಕೆಲವು ವಾರ ದೂರ ಇರುವುದೇ ಸರಿ. ಇವತ್ತೇ ನಿಮ್ಮ ಮೆಡಿಕಲ್ ಎಕ್ಸಾಮಿನರ್‌ಗೆ, ಕಂಪನಿಯಲ್ಲಿ ಡಾಕ್ಟರ್ ಇದ್ದರೆ ಅವರಿಗೂ ತಿಳಿಸಿ.

ಇದು ನನ್ನ ವೈಯಕ್ತಿಕ ಕಟ್ಟುನಿಟ್ಟು ಅಂದುಕೊಳ್ಳಬೇಡಿ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಸಿಎಒದ ಅನೆಕ್ಸ್ 1 ಅಂತ ಏನಿದೆ, ಎಲ್ಲಾ ದೇಶಗಳ ಪೈಲಟ್ ಲೈಸೆನ್ಸಿಂಗ್‌ಗೂ ತಳಪಾಯ ಅದೇ. ತನ್ನ ಆರೋಗ್ಯ ಕುಗ್ಗಿದೆ, ಅದರಿಂದ ಸುರಕ್ಷಿತವಾಗಿ ಕೆಲಸ ಮಾಡಲು ತೊಂದರೆಯಾಗಬಹುದು ಅಂತ ಗೊತ್ತಾದ ಪೈಲಟ್ ಲೈಸೆನ್ಸ್ ಬಳಸಬಾರದು ಅಂತ ಅದರಲ್ಲೇ ಇದೆ. ಅಮೆರಿಕದ ವಿಮಾನಯಾನ ಪ್ರಾಧಿಕಾರವಾದ ಎಫ್‌ಎಎದ ನಿಯಮ 61.53 ಹೇಳುವುದೂ ಇದನ್ನೇ. ಕೈಯಲ್ಲಿರುವ ಸರ್ಟಿಫಿಕೇಟ್‌ನ ಅವಧಿ ಇನ್ನೂ ನಾಲ್ಕು ತಿಂಗಳು ಇದೆ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಆ ಕಾಗದ ಪರೀಕ್ಷೆಯ ದಿನ ನೀವು ಹೇಗಿದ್ದಿರಿ ಅಂತ ಹೇಳುತ್ತದೆ, ಅಷ್ಟೇ.

ಯಾಕೆ ಇಷ್ಟು ಎಚ್ಚರಿಕೆ ಅಂತ ಕೇಳಬಹುದು. ರಾತ್ರಿಯ ಕೊನೆಯ ಸೆಕ್ಟರ್ (ಒಂದು ಊರಿಂದ ಇನ್ನೊಂದಕ್ಕೆ ಹಾರಾಟ) ನೆನಪಿಸಿಕೊಳ್ಳಿ. ಇಳಿಯುವ ಹೊತ್ತು. ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಎಟಿಸಿ ಒಂದೇ ಉಸಿರಲ್ಲಿ ಹೊಸ ಹೆಡಿಂಗ್ (ದಿಕ್ಕು), ಹೊಸ ಎತ್ತರ, ವೇಗ ಎಲ್ಲಾ ಕೊಡುತ್ತದೆ. ಥೈರಾಯ್ಡ್ ಹಾರ್ಮೋನ್ ಕಡಿಮೆ ಇರುವವರಿಗೂ ಅದು ಕೇಳಿಸುತ್ತದೆ. ಹೆಡಿಂಗ್ ತಿರುಗಿಸುತ್ತಾರೆ, ಎತ್ತರ ಸೆಟ್ ಮಾಡುತ್ತಾರೆ, ವೇಗ ಎಷ್ಟು ಹೇಳಿದರು ಅಂತ ಒಂದು ಕ್ಷಣ ತಡವರಿಸುತ್ತಾರೆ. ಎಟಿಸಿ ಹೇಳಿದ್ದನ್ನು ತಿರುಗಿ ಹೇಳುವ ರೀಡ್‌ಬ್ಯಾಕ್‌ನಲ್ಲಿ ದನಿ ಸ್ವಲ್ಪ ಗೊಗ್ಗರು, ಮಾತು ಸ್ವಲ್ಪ ನಿಧಾನ. ಎಲ್ಲವನ್ನೂ ಮಾಡುತ್ತಾರೆ, ಆದರೆ ಒಂದು ಹೆಜ್ಜೆ ಹಿಂದೆ ಇರುತ್ತಾರೆ. ಕಷ್ಟದ ವಿಷಯ ಏನೆಂದರೆ ಇದು ತಿಂಗಳುಗಟ್ಟಲೆ ಮೆಲ್ಲಗೆ ಬರುವ ಕಾಯಿಲೆ, ಹಾಗಾಗಿ ಒಳಗಿರುವವರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ನೀವೇ ಬರೆದಿದ್ದೀರಲ್ಲ, ರೋಸ್ಟರ್‌ನಿಂದ ಅಂದುಕೊಂಡೆ ಅಂತ. ಪೈಲಟ್‌ಗಳಲ್ಲಿ ಇದು ತಡವಾಗಿ ಪತ್ತೆಯಾಗುವುದಕ್ಕೆ ದೊಡ್ಡ ಕಾರಣವೇ ಇದು. ಸುಸ್ತಾಗಲು ಬೇರೊಂದು ನೆಪ ಸದಾ ಕೈಗೆ ಸಿಗುತ್ತದೆ.

ಈಗ ನಿಯಮಗಳು ಏನನ್ನು ನೋಡುತ್ತವೆ ಅಂತ ತಿಳಿದುಕೊಳ್ಳಿ, ಆಗ ಭಯ ಅರ್ಧ ಇಳಿಯುತ್ತದೆ. ಯುರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆ ಇಎಎಸ್‌ಎದ ಮಾರ್ಗಸೂಚಿ ಹೈಪೋ ಇರಲಿ ಹೈಪರ್ (ಹಾರ್ಮೋನ್ ಜಾಸ್ತಿಯಾಗುವುದು) ಇರಲಿ, ಹಾರ್ಮೋನ್ ಮಟ್ಟ ಸಹಜಕ್ಕೆ ಬಂದು ಸ್ಥಿರವಾಗಿ ನಿಂತ ಮೇಲೆ ಫಿಟ್ ಅಂತ ಪರಿಗಣಿಸಬಹುದು ಅನ್ನುತ್ತದೆ. ಎಫ್‌ಎಎ ಇನ್ನೂ ಸರಳ ಮಾಡಿದೆ. ಹೈಪೋಥೈರಾಯ್ಡ್ ಅಲ್ಲಿ ಮೆಡಿಕಲ್ ಎಕ್ಸಾಮಿನರ್ ತಾನೇ ಕುಳಿತಲ್ಲೇ ಸರ್ಟಿಫಿಕೇಟ್ ಕೊಡಬಹುದಾದ ಕಾಯಿಲೆಗಳ ಪಟ್ಟಿಯಲ್ಲಿದೆ. ಷರತ್ತುಗಳು ಹೆಚ್ಚೇನಿಲ್ಲ: ಚಿಕಿತ್ಸೆ ಕೊಡುವ ಡಾಕ್ಟರ್ ಸ್ಥಿತಿ ಸ್ಥಿರವಾಗಿದೆ ಅನ್ನಬೇಕು, ಸುಸ್ತು, ಮಂಕು, ಹೃದಯದ, ಶ್ವಾಸಕೋಶದ ಅಥವಾ ಕಣ್ಣಿನ ತೊಂದರೆ ಇರಬಾರದು, ಮಾತ್ರೆ ಒಪ್ಪಿತ ಪಟ್ಟಿಯಲ್ಲಿರಬೇಕು, ಕಳೆದ 90 ದಿನಗಳೊಳಗಿನ ಟಿಎಸ್‌ಎಚ್ ಸಹಜವಾಗಿರಬೇಕು. ಲೆವೊಥೈರಾಕ್ಸಿನ್ ಆ ಪಟ್ಟಿಯಲ್ಲಿದೆ. ಭಾರತದ ಡಿಜಿಸಿಎ ಸೇರಿ ಬೇರೆ ವಿಮಾನಯಾನ ಪ್ರಾಧಿಕಾರಗಳೂ ಐಸಿಎಒ ಚೌಕಟ್ಟಿನ ಮೇಲೆಯೇ ತಮ್ಮ ನಿಯಮ ಕಟ್ಟಿಕೊಂಡಿವೆ. ಫಾರ್ಮು, ಕಾಗದ, ಯಾರ ಸಹಿ ಬೇಕು ಅನ್ನುವುದೆಲ್ಲ ಬೇರೆ ಬೇರೆ ಇರಬಹುದು, ನಿಮ್ಮ ಲೈಸೆನ್ಸ್ ಯಾರು ಕೊಟ್ಟಿದ್ದಾರೋ ಅವರ ಈಗಿನ ನಿಯಮವನ್ನು ಎಕ್ಸಾಮಿನರ್ ಹತ್ತಿರ ಕೇಳಿಕೊಳ್ಳಿ.

ಅಂದರೆ ನಿಮ್ಮ ಕೆಲಸ ಒಂದೇ: ಹಾರ್ಮೋನ್ ಮಟ್ಟವನ್ನು ಸ್ಥಿರ ಮಾಡಿಕೊಳ್ಳುವುದು, ಅದು ಸ್ಥಿರವಾಗಿದೆ ಅಂತ ಕಾಗದದಲ್ಲಿ ತೋರಿಸುವುದು. ಇಲ್ಲಿ ಹೆಚ್ಚಿನವರು ಎಡವುವುದು ಔಷಧದ ವಿಷಯದಲ್ಲಿ ಅಲ್ಲ, ಸಮಯದ ಲೆಕ್ಕದಲ್ಲಿ.

ಲೆವೊಥೈರಾಕ್ಸಿನ್ ಅಂದರೆ ಟಿ4. ಅದರ ಅರ್ಧಾಯುಷ್ಯ, ಅಂದರೆ ದೇಹದಲ್ಲಿ ಅದು ಅರ್ಧಕ್ಕೆ ಇಳಿಯಲು ಬೇಕಾದ ಸಮಯ, ಸುಮಾರು 7 ದಿನ. ಹೊಸ ಡೋಸ್ ಶುರು ಮಾಡಿದರೆ ರಕ್ತದಲ್ಲಿ ಅದು ಒಂದು ಮಟ್ಟಕ್ಕೆ ಬಂದು ನಿಲ್ಲಲು ಐದು ವಾರ ಬೇಕು, ಆ ಮಟ್ಟ ನೋಡಿಕೊಂಡು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ತನ್ನ ಟಿಎಸ್‌ಎಚ್ ಇಳಿಸಲು ಇನ್ನೂ ಸ್ವಲ್ಪ ದಿನ. ಅದಕ್ಕೇ ಡೋಸ್ ಬದಲಿಸಿದ 6ರಿಂದ 8 ವಾರಕ್ಕೆ ಮೊದಲು ಟೆಸ್ಟ್ ಮಾಡಿಸಿದರೆ ಪ್ರಯೋಜನ ಇಲ್ಲ. ನಿಮಗೆ ವಿಮಾನ ಏರುವ ಇಳಿಯುವ ವೇಗ ತೋರಿಸುವ ವರ್ಟಿಕಲ್ ಸ್ಪೀಡ್ ಇಂಡಿಕೇಟರ್ ಗೊತ್ತಲ್ಲ, ಮೂಗು ಎತ್ತಿದ ಮೇಲೆ ಮುಳ್ಳು ಸ್ವಲ್ಪ ತಡವಾಗಿ ಏರುತ್ತದೆ, ಆ ಮುಳ್ಳನ್ನೇ ಬೆನ್ನಟ್ಟಿದರೆ ವಿಮಾನ ಮೇಲೆ ಕೆಳಗೆ ತೂಗಾಡುತ್ತದೆ. ಟಿಎಸ್‌ಎಚ್ ಕೂಡ ಹಾಗೇ. ಮೂರನೇ ವಾರದಲ್ಲಿ ಆತಂಕಪಟ್ಟು ಟೆಸ್ಟ್ ಮಾಡಿಸಿ, ಇನ್ನೂ 8 ಇದೆ ಅಂತ ಡೋಸ್ ಏರಿಸಿ, ಆಮೇಲೆ 0.1ಕ್ಕೆ ಇಳಿದು ಮತ್ತೆ ಡೋಸ್ ಇಳಿಸುವವರನ್ನು ನೋಡಿದ್ದೇನೆ. ಹೀಗೆ ಆರು ತಿಂಗಳು ಕಳೆದುಹೋಗುತ್ತದೆ. ಪ್ರಾಧಿಕಾರದ ಕಣ್ಣಿಗೆ ಆ ಫೈಲ್ 'ಅಸ್ಥಿರ' ಅಂತಲೇ ಕಾಣುತ್ತದೆ.

ನಿಮ್ಮ ಕ್ಯಾಲೆಂಡರ್ ಹೀಗಿರಲಿ. ಇವತ್ತಿನಿಂದ 7ನೇ ವಾರ ಟಿಎಸ್‌ಎಚ್ ಮತ್ತು ಫ್ರೀ ಟಿ4. ಸರಿ ಇದ್ದರೆ ಅಲ್ಲಿಗೆ ಅರ್ಧ ಕೆಲಸ ಮುಗಿಯಿತು. ಸರಿ ಇಲ್ಲದಿದ್ದರೆ ಡಾಕ್ಟರ್ ಸಾಮಾನ್ಯವಾಗಿ 12.5 ಅಥವಾ 25 ಮೈಕ್ರೋಗ್ರಾಂ ಹೆಚ್ಚು ಕಡಿಮೆ ಮಾಡುತ್ತಾರೆ, ಮತ್ತೆ 7 ವಾರ ಬಿಟ್ಟು ಟೆಸ್ಟ್. ಅಲ್ಲಿಗೆ 14ನೇ ವಾರ, ಮೆಡಿಕಲ್‌ಗೆ ಇನ್ನೂ ಎರಡು ಮೂರು ವಾರ ಉಳಿದಿರುತ್ತದೆ. ನಾಲ್ಕು ತಿಂಗಳು ಸಾಲುತ್ತದೆ, ಆದರೆ ಒಂದೇ ಒಂದು ವಾರವನ್ನೂ ಸುಮ್ನೆ ಕಳೆಯುವ ಹಾಗಿಲ್ಲ. 75 ಮೊದಲ ಡೋಸ್, ಕೊನೆಯದು ಅಂತಲ್ಲ. ಗ್ರಂಥಿ ಪೂರ್ತಿ ಕೈಕೊಟ್ಟವರಿಗೆ ಒಂದು ಕೆಜಿ ತೂಕಕ್ಕೆ ಸುಮಾರು 1.6 ಮೈಕ್ರೋಗ್ರಾಂ ಬೇಕಾಗುತ್ತದೆ. ನಿಮ್ಮ ಗ್ರಂಥಿ ಇನ್ನೂ ಸ್ವಲ್ಪ ಕೆಲಸ ಮಾಡುತ್ತಿದೆ ಅಂತ ಕಾಣುತ್ತದೆ, ಹಾಗಾಗಿ ಎಷ್ಟರಲ್ಲಿ ನಿಲ್ಲುತ್ತದೆ ಅಂತ ಟೆಸ್ಟೇ ಹೇಳಬೇಕು. ಮುಂದಿನ ವರ್ಷಗಳಲ್ಲೂ ಇದೇ ಅಭ್ಯಾಸ ಇಟ್ಟುಕೊಳ್ಳಿ: ಮೆಡಿಕಲ್‌ಗೆ ಹತ್ತು ಹನ್ನೆರಡು ವಾರ ಮೊದಲು ಒಂದು ಟಿಎಸ್‌ಎಚ್. ಆಗ ಏನಾದರೂ ಏರುಪೇರು ಕಂಡರೆ ಸರಿಪಡಿಸಿಕೊಳ್ಳಲು ಸಮಯ ಇರುತ್ತದೆ. ಮೆಡಿಕಲ್‌ಗೆ ನಾಲ್ಕು ದಿನ ಇರುವಾಗ ಟೆಸ್ಟ್ ಮಾಡಿಸಿ 7.5 ಬಂತು ಅಂತ ಫೋನ್ ಮಾಡಿದರೆ ಆಗ ಯಾರೂ ಏನೂ ಮಾಡಲಾಗುವುದಿಲ್ಲ.

ಮಾತ್ರೆ ನುಂಗುವುದು ಸುಲಭ, ಸರಿಯಾಗಿ ನುಂಗುವುದು ಪೈಲಟ್‌ಗಳಿಗೆ ಸ್ವಲ್ಪ ಕಷ್ಟ. ಇದು ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ ಹೋಗಬೇಕು. ತಿಂಡಿಗೆ, ಕಾಫಿಗೆ ಮೊದಲು ಅರ್ಧ ಗಂಟೆಯಿಂದ ಒಂದು ಗಂಟೆ ಅಂತರ ಬೇಕು. ಕಾಫಿ ಹೀರಿಕೊಳ್ಳುವಿಕೆಯನ್ನು ಕಡಿಮೆ ಮಾಡುತ್ತದೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೆಳಗಿನ ಜಾವ ಮೂರೂವರೆಗೆ ಅಲಾರಾಂ ಹೊಡೆಯುವ ದಿನ ಮಾತ್ರೆ, ನೀರು ಎರಡೂ ಹಾಸಿಗೆ ಪಕ್ಕದಲ್ಲೇ ಇರಲಿ. ಕಣ್ಣು ಬಿಟ್ಟ ತಕ್ಷಣ ನುಂಗಿ. ಸ್ನಾನ, ಯೂನಿಫಾರ್ಮ್, ಗಾಡಿ ಹತ್ತಿ ಹೊರಡುವುದು ಎಲ್ಲಾ ಮುಗಿದು ಬ್ರೀಫಿಂಗ್‌ಗೆ ಮುಂಚೆ ಕಾಫಿ ಕೈಗೆ ಬರುವ ಹೊತ್ತಿಗೆ ಒಂದು ಗಂಟೆ ತಾನಾಗಿಯೇ ಕಳೆದಿರುತ್ತದೆ. ರಾತ್ರಿ ಡ್ಯೂಟಿ ಜಾಸ್ತಿ ಇದ್ದರೆ ಇನ್ನೊಂದು ದಾರಿ ಇದೆ. ಮಲಗುವ ಹೊತ್ತಿಗೆ, ಕೊನೆಯ ಊಟ ಆಗಿ ಕಡಿಮೆ ಅಂದರೂ 3 ಗಂಟೆ ಬಿಟ್ಟು ತೆಗೆದುಕೊಳ್ಳಬಹುದು, ಅದೂ ಚೆನ್ನಾಗಿ ಕೆಲಸ ಮಾಡುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಿ.

ಟೈಮ್ ಝೋನ್ ಬದಲಾದರೆ ಏನು ಮಾಡುವುದು ಅಂತ ತುಂಬಾ ಜನ ಕೇಳುತ್ತಾರೆ. ಅರ್ಧಾಯುಷ್ಯ ಒಂದು ವಾರ ಇರುವ ಔಷಧಕ್ಕೆ ಐದಾರು ಗಂಟೆ ಹಿಂದೆ ಮುಂದೆ ಆದರೆ ಏನೂ ಆಗುವುದಿಲ್ಲ. ಎಲ್ಲೇ ಇರಲಿ, ದೊಡ್ಡ ನಿದ್ದೆ ಮುಗಿಸಿ ಎದ್ದಾಗ ನುಂಗಿದರೆ ಸಾಕು. ಒಂದು ದಿನ ಮರೆತರೆ ಗಾಬರಿ ಬೇಡ, ನೆನಪಾದಾಗ ತೆಗೆದುಕೊಳ್ಳಿ. ವಾರಕ್ಕೆ ಎರಡು ಮೂರು ಮರೆಯುವುದು ಬೇರೆ ವಿಷಯ, ಅದು ಟಿಎಸ್‌ಎಚ್‌ನಲ್ಲಿ ಕಂಡೇ ಕಾಣುತ್ತದೆ. ಕೆಲವರು ತಿಂಗಳುಗಟ್ಟಲೆ ಮರೆತು ಟೆಸ್ಟ್‌ಗೆ ಮುಂಚಿನ ನಾಲ್ಕೈದು ದಿನ ತಪ್ಪದೇ ನುಂಗಿ ಬರುತ್ತಾರೆ. ಆಗ ಟಿಎಸ್‌ಎಚ್ ಇನ್ನೂ ಮೇಲೇ ಇರುತ್ತದೆ, ಫ್ರೀ ಟಿ4 ಮಾತ್ರ ಸಹಜ ಅಥವಾ ಅದಕ್ಕಿಂತ ಮೇಲೆ ಹೋಗಿರುತ್ತದೆ. ಈ ಜೋಡಿ ನೋಡಿದರೆ ಅನುಭವ ಇರುವ ಡಾಕ್ಟರ್‌ಗೆ ಮೊದಲು ಬರುವ ಅನುಮಾನ ಅದೇ.

ಕ್ಯಾಲ್ಶಿಯಂ, ಕಬ್ಬಿಣದ ಮಾತ್ರೆ, ಆಂಟಾಸಿಡ್ ಇವುಗಳಿಗೂ ಇದಕ್ಕೂ 4 ಗಂಟೆ ಅಂತರ ಇರಲಿ. ಹೊತ್ತುಗೊತ್ತಿಲ್ಲದ ಊಟದಿಂದ ಎದೆಯುರಿ ಬಂದು ಒಮೆಪ್ರಝೋಲ್, ಪ್ಯಾಂಟೊಪ್ರಝೋಲ್ ನುಂಗುವ ಪೈಲಟ್‌ಗಳು ಸಾಕಷ್ಟು ಇದ್ದಾರೆ. ಹೊಟ್ಟೆಯ ಆಸಿಡ್ ಕಡಿಮೆಯಾದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಕರಗುವುದಿಲ್ಲ, ಡೋಸ್ ಏರಿಸಬೇಕಾಗಬಹುದು, ಅದನ್ನು ಡಾಕ್ಟರ್‌ಗೆ ಹೇಳಿ. ಬ್ರ್ಯಾಂಡ್ ಬದಲಾಯಿಸಬೇಡಿ. ಬದಲಾಯಿಸಲೇಬೇಕಾಗಿ ಬಂದರೆ 6 ವಾರಕ್ಕೆ ಒಂದು ಟಿಎಸ್‌ಎಚ್. ಮಾತ್ರೆಗೆ ಬಿಸಿ, ಬೆಳಕು, ತೇವ ಮೂರೂ ಆಗುವುದಿಲ್ಲ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಇಡಬೇಡಿ, ಲೇಓವರ್‌ಗೆ (ಡ್ಯೂಟಿ ನಡುವೆ ಬೇರೆ ಊರಲ್ಲಿ ತಂಗುವುದಕ್ಕೆ) ಬೇಕಾದ್ದಕ್ಕಿಂತ ನಾಲ್ಕೈದು ದಿನದ್ದು ಹೆಚ್ಚಿಗೆ ಫ್ಲೈಟ್ ಬ್ಯಾಗ್‌ನಲ್ಲೇ ಇರಲಿ.

ಒಂದು ವಿಷಯಕ್ಕೆ ನಿಜವಾಗಲೂ ಗಮನ ಕೊಡಿ. ಬಯೋಟಿನ್. ಥೈರಾಯ್ಡ್ ಕಡಿಮೆಯಾದರೆ ಕೂದಲು ಉದುರುತ್ತದೆ, ಕೂದಲು ಉದುರಿದರೆ ಜನ ಕೂದಲು-ಉಗುರಿನ ಸಪ್ಲಿಮೆಂಟ್ ಶುರು ಮಾಡುತ್ತಾರೆ. ದೇಹಕ್ಕೆ ದಿನಕ್ಕೆ ಬೇಕಾಗುವ ಬಯೋಟಿನ್ ಸುಮಾರು 30 ಮೈಕ್ರೋಗ್ರಾಂ, ಆ ಮಾತ್ರೆಗಳಲ್ಲಿ 5,000 ಅಥವಾ 10,000 ಇರುತ್ತದೆ. ಅದರಿಂದ ದೇಹಕ್ಕೆ ತೊಂದರೆ ಇಲ್ಲ, ತೊಂದರೆ ಲ್ಯಾಬ್ ಯಂತ್ರಕ್ಕೆ. ಬಯೋಟಿನ್ ಬಳಸುವ ಟೆಸ್ಟ್ ವಿಧಾನಗಳಲ್ಲಿ ಟಿಎಸ್‌ಎಚ್ ಸುಳ್ಳೇ ಕಡಿಮೆ, ಟಿ4 ಸುಳ್ಳೇ ಜಾಸ್ತಿ ತೋರಿಸುತ್ತದೆ. ಅಂದರೆ ಹೈಪೋ ಇರುವ ಪೈಲಟ್‌ನ ರಿಪೋರ್ಟ್ ಹೈಪರ್ ಥರ ಕಾಣುತ್ತದೆ, ಡಾಕ್ಟರ್ ಡೋಸ್ ಇಳಿಸುತ್ತಾರೆ, ಪೈಲಟ್ ನಿಜವಾಗಲೂ ಕುಸಿಯುತ್ತಾರೆ. ಟೆಸ್ಟ್‌ಗೆ ಕನಿಷ್ಠ 2 ದಿನ ಮೊದಲು ಅದನ್ನು ನಿಲ್ಲಿಸಿ, ಡೋಸ್ ದೊಡ್ಡದಿದ್ದರೆ ಇನ್ನೂ ಮೊದಲೇ. ತೂಕ ಇಳಿಸುವ ಪುಡಿ, ಕೆಲ್ಪ್ ಅನ್ನುವ ಕಡಲಪಾಚಿಯ ಅಯೋಡಿನ್ ಮಾತ್ರೆ, 'ಥೈರಾಯ್ಡ್ ಬೂಸ್ಟರ್' ಅಂತ ಬರುವುದು, ಇವನ್ನೆಲ್ಲ ಪೂರ್ತಿ ಬಿಟ್ಟುಬಿಡಿ. ಕೆಲವದರಲ್ಲಿ ಹೇಳದೇ ಹಾರ್ಮೋನನ್ನೇ ಬೆರೆಸಿರುವುದು ಪತ್ತೆಯಾಗಿದೆ.

ರಕ್ತ ಕೊಡುವ ಹೊತ್ತೂ ಮುಖ್ಯ. ಟಿಎಸ್‌ಎಚ್ ದಿನವಿಡೀ ಒಂದೇ ಇರುವುದಿಲ್ಲ, ರಾತ್ರಿ ಏರುತ್ತದೆ, ಮಧ್ಯಾಹ್ನ ಇಳಿಯುತ್ತದೆ. ನಿದ್ದೆ ಆ ಏರಿಕೆಯನ್ನು ತಡೆಯುತ್ತದೆ, ಹಾಗಾಗಿ ರಾತ್ರಿಯಿಡೀ ಎದ್ದಿದ್ದವರಲ್ಲಿ ಅದು ಇನ್ನೂ ಮೇಲೆ ಹೋಗುತ್ತದೆ. ರಾತ್ರಿ ಫ್ಲೈಟ್ ಇಳಿಸಿ ನೇರವಾಗಿ ಲ್ಯಾಬ್‌ಗೆ ಹೋಗಿ ರಕ್ತ ಕೊಟ್ಟರೆ ಸಹಜದ ಅಂಚಿನಲ್ಲಿರುವ ಸಂಖ್ಯೆ ಅಂಚು ದಾಟಿಬಿಡಬಹುದು. ಎರಡು ರಾತ್ರಿ ಚೆನ್ನಾಗಿ ಮಲಗಿ, ಬೆಳಗ್ಗೆ ಒಂದೇ ಹೊತ್ತಿಗೆ, ಆ ದಿನದ ಮಾತ್ರೆ ನುಂಗುವ ಮೊದಲು, ಆದಷ್ಟು ಒಂದೇ ಲ್ಯಾಬ್‌ನಲ್ಲಿ ಕೊಡಿ. ಸಾಮಾನ್ಯವಾಗಿ 0.4ರಿಂದ 4.0 ಸಹಜ ಅಂತಾರೆ, ಆದರೆ ಪ್ರತಿ ಲ್ಯಾಬ್‌ಗೂ ತನ್ನದೇ ಮಿತಿ ಇದೆ. ಎರಡು ಲ್ಯಾಬ್‌ನ ಸಂಖ್ಯೆ ಪಕ್ಕ ಪಕ್ಕ ಇಟ್ಟು ಏರಿತು ಇಳಿಯಿತು ಅನ್ನಲಾಗುವುದಿಲ್ಲ.

ಬೇಗ ಸರಿಹೋಗಲಿ ಅಂತ ಡೋಸ್ ಜಾಸ್ತಿ ಕೇಳಬೇಡಿ. ಜಾಸ್ತಿಯಾದಾಗ ಮೈ ಹಗುರ ಅನ್ನಿಸುತ್ತದೆ, ಚುರುಕು ಅನ್ನಿಸುತ್ತದೆ, ಅದೇ ಅಪಾಯ. 1994ರಲ್ಲಿ ಪ್ರಕಟವಾದ ಫ್ರಾಮಿಂಗ್‌ಹ್ಯಾಮ್ ಅಧ್ಯಯನದಲ್ಲಿ 60 ದಾಟಿದವರನ್ನು 10 ವರ್ಷ ಗಮನಿಸಿದರು. ಟಿಎಸ್‌ಎಚ್ 0.1 ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಹೃದಯದ ಬಡಿತ ಲಯ ತಪ್ಪುವುದು, ಸುಮಾರು ಮೂರು ಪಟ್ಟು ಹೆಚ್ಚಿತ್ತು. ನಿಮ್ಮ ವಯಸ್ಸಿಗೆ ಅಪಾಯ ಅಷ್ಟಿಲ್ಲ. ಆದರೆ ಮೆಡಿಕಲ್ ದೃಷ್ಟಿಯಲ್ಲಿ ಥೈರಾಯ್ಡ್‌ಗಿಂತ ಹೃದಯದ ಲಯದ ತೊಂದರೆ ಎಷ್ಟೋ ದೊಡ್ಡ ತಲೆನೋವು, ಚಿಕ್ಕದನ್ನು ಸರಿಮಾಡಲು ಹೋಗಿ ದೊಡ್ಡದನ್ನು ಎಳೆದುಕೊಳ್ಳುವುದು ಬೇಡ ಅಲ್ವಾ. ಟಿಎಸ್‌ಎಚ್ ಸಹಜಕ್ಕೆ ಬಂದು ಎರಡು ಮೂರು ತಿಂಗಳಾದರೂ ಸುಸ್ತು ಹೋಗದಿದ್ದರೆ ಬೇರೆ ಕಡೆ ಹುಡುಕಬೇಕು. ರಕ್ತಹೀನತೆ, ಬಿ12 ಕೊರತೆ, ಮನಸ್ಸು ಕುಗ್ಗಿರುವುದು, ಗೊರಕೆಯ ಜೊತೆ ಬರುವ ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲುವುದು. ಈ ಕೊನೆಯದು ಹೈಪೋಥೈರಾಯ್ಡ್ ಇರುವವರಲ್ಲಿ ಜಾಸ್ತಿ, ಅದನ್ನು ಪ್ರಾಧಿಕಾರಗಳು ತುಂಬಾ ಗಂಭೀರವಾಗಿ ನೋಡುತ್ತವೆ.

ಇನ್ನು ನಿಮ್ಮ ಸಹೋದ್ಯೋಗಿಯ ಸಲಹೆ. ದಯವಿಟ್ಟು ಅದನ್ನು ಕೇಳಬೇಡಿ. ಮೆಡಿಕಲ್ ಫಾರ್ಮ್‌ನಲ್ಲಿ ಈಗ ತೆಗೆದುಕೊಳ್ಳುತ್ತಿರುವ ಔಷಧ ಯಾವುದು, ಯಾವ ಡಾಕ್ಟರ್ ಹತ್ತಿರ ಹೋಗಿದ್ದಿರಿ ಅಂತ ಕೇಳುತ್ತಾರೆ, ಕೆಳಗೆ ನಿಮ್ಮ ಸಹಿ ಇರುತ್ತದೆ. ಸುಳ್ಳು ಬರೆದರೆ ಎಫ್‌ಎಎ ನಿಯಮ 67.403ರ ಪ್ರಕಾರ ಮೆಡಿಕಲ್ ಮಾತ್ರವಲ್ಲ, ಪೈಲಟ್ ಸರ್ಟಿಫಿಕೇಟನ್ನೇ ರದ್ದು ಮಾಡಬಹುದು. ಲೈಸೆನ್ಸ್ ಕಳೆದುಕೊಂಡರೆ ಹಣ ಕೊಡುವ ವಿಮೆ ಮಾಡಿಸಿದ್ದರೆ, ಕ್ಲೇಮ್ ತಿರಸ್ಕರಿಸಲು ಅವರಿಗೂ ಒಂದು ಕಾರಣ ಸಿಕ್ಕಿದ ಹಾಗಾಯಿತು. ಒಂದು ಮಾತ್ರೆಯಿಂದ ಸರಿಹೋಗುವ, ಎಲ್ಲಾ ಪ್ರಾಧಿಕಾರಗಳಿಗೂ ಚೆನ್ನಾಗಿ ಪರಿಚಯ ಇರುವ ಕಾಯಿಲೆಗೆ ಇಡೀ ವೃತ್ತಿಯನ್ನು ಪಣಕ್ಕಿಡುವುದು ಯಾವ ನ್ಯಾಯ? ಒಮ್ಮೆ ಮುಚ್ಚಿಟ್ಟರೆ ಪ್ರತಿ ವರ್ಷ ಮುಚ್ಚಿಡಬೇಕು. ಅದಕ್ಕಿಂತ ಕೆಟ್ಟದ್ದು, ಮುಚ್ಚಿಟ್ಟವರು ಫಾಲೋ-ಅಪ್ ಟೆಸ್ಟ್ ಮಾಡಿಸಲು ಹೆದರುತ್ತಾರೆ, ಚಿಕಿತ್ಸೆಯೂ ಅರ್ಧಕ್ಕೆ ನಿಲ್ಲುತ್ತದೆ.

ಹೇಳುವಾಗ ಕಾಗದ ಚೆನ್ನಾಗಿರಲಿ. 'ಹೈಪೋಥೈರಾಯ್ಡ್ ಇದೆ, ಕೆಲಸಕ್ಕೆ ಫಿಟ್' ಅಂತ ಎರಡು ಸಾಲಿನ ಚೀಟಿ ತಂದರೆ ಎಕ್ಸಾಮಿನರ್‌ಗೆ ಮತ್ತೆ ಪ್ರಶ್ನೆ ಕೇಳದೆ ಬೇರೆ ದಾರಿ ಇಲ್ಲ, ಅದರಲ್ಲೇ ವಾರಗಳು ಹೋಗುತ್ತವೆ. ನಿಮ್ಮ ಎಂಡೋಕ್ರೈನಾಲಜಿಸ್ಟ್ ಹತ್ತಿರ ಪತ್ರ ಕೇಳುವಾಗ ಇದಿಷ್ಟು ಇರಲೇಬೇಕು ಅಂತ ಹೇಳಿ: ಯಾವಾಗ ಪತ್ತೆಯಾಯಿತು, ಕಾರಣ ಏನು (ದೇಹದ ರೋಗನಿರೋಧಕ ಶಕ್ತಿಯೇ ಥೈರಾಯ್ಡ್ ಮೇಲೆ ತಿರುಗಿಬೀಳುವ ಹಾಶಿಮೊಟೊ ಅಂತಾದರೆ, ಅದನ್ನು ತೋರಿಸುವ ಆಂಟಿ-ಟಿಪಿಒ ರಿಪೋರ್ಟ್), ಈಗಿನ ಡೋಸ್ ಎಷ್ಟು, ಅದೇ ಡೋಸ್ ಎಂದಿನಿಂದ ಇದೆ, ಮೊದಲಿದ್ದ ಲಕ್ಷಣಗಳು ಹೋಗಿವೆಯೇ, ಔಷಧದಿಂದ ಅಡ್ಡಪರಿಣಾಮ ಇದೆಯೇ, ಮುಂದಿನ ಟೆಸ್ಟ್ ಯಾವಾಗ. ಎಲ್ಲಾ ಲ್ಯಾಬ್ ರಿಪೋರ್ಟ್ ದಿನಾಂಕದ ಪ್ರಕಾರ ಜೋಡಿಸಿ, ಲ್ಯಾಬ್‌ನ ಸಹಜ ಮಿತಿ ಕಾಣುವ ಹಾಗೆ. ಇತ್ತೀಚಿನ ಇಸಿಜಿ, ಕೊಲೆಸ್ಟ್ರಾಲ್ ರಿಪೋರ್ಟ್ ಜೊತೆಗಿರಲಿ, ಯಾಕೆಂದರೆ ಹೈಪೋದಲ್ಲಿ ಎರಡೂ ಏರುಪೇರಾಗಿರಬಹುದು, ಚಿಕಿತ್ಸೆ ಆದ ಮೇಲೆ ಸರಿಹೋಗಿದೆ ಅಂತ ತೋರಿಸುವುದು ನಿಮಗೇ ಒಳ್ಳೆಯದು.

ನಿಮ್ಮ ಹಾಗೆ ಅಲ್ಲದೆ, ಟಿಎಸ್‌ಎಚ್ ಬರೀ 6 ಇದ್ದು ಫ್ರೀ ಟಿ4 ಸಹಜ ಇರುವ, ಏನೂ ತೊಂದರೆ ಇಲ್ಲದ ಪೈಲಟ್‌ಗಳೂ ಇದನ್ನು ಓದುತ್ತಿರಬಹುದು. ಅವರು ಗಾಬರಿಯಾಗಬೇಕಿಲ್ಲ. ಎರಡು ಮೂರು ತಿಂಗಳು ಬಿಟ್ಟು ಮತ್ತೆ ಟೆಸ್ಟ್ ಮಾಡಿಸಿ, ಎಷ್ಟೋ ಸಲ ತಾನೇ ಇಳಿದಿರುತ್ತದೆ. ಸಾಮಾನ್ಯವಾಗಿ 10 ದಾಟಿದ ಮೇಲೆ ಮಾತ್ರೆಯ ಮಾತು. ಆದರೂ ಎಕ್ಸಾಮಿನರ್‌ಗೆ ಒಂದು ಮಾತು ಹೇಳಿಡಿ. ಗರ್ಭಿಣಿಯಾಗಲು ಯೋಚಿಸುತ್ತಿರುವ ಮಹಿಳಾ ಪೈಲಟ್‌ಗಳು ಮಾತ್ರ ಕಾಯದೆ ಡಾಕ್ಟರ್ ನೋಡಿ. ಮಾತ್ರೆ ನಡೆಯುತ್ತಿರುವಾಗ ಗರ್ಭ ನಿಂತರೆ ಡೋಸ್ ಸುಮಾರು ಕಾಲು ಭಾಗ ಅಥವಾ ಇನ್ನೂ ಸ್ವಲ್ಪ ಏರಿಸಬೇಕಾಗುತ್ತದೆ, ಅದೂ ತಡ ಮಾಡದೆ.

ಈಗ ನಿಮ್ಮ ಬ್ಯಾಚ್‌ಮೇಟ್. ಅವರ ದಾರಿ ನಿಮ್ಮದಕ್ಕಿಂತ ಉದ್ದ. ಎಫ್‌ಎಎದಲ್ಲೂ ಹೈಪರ್ ಮೊದಲ ಬಾರಿ ಬಂದಾಗ ಎಕ್ಸಾಮಿನರ್ ಕೈಯಲ್ಲಿ ತೀರ್ಮಾನ ಇರುವುದಿಲ್ಲ, ಫೈಲ್ ಪ್ರಾಧಿಕಾರಕ್ಕೇ ಹೋಗಬೇಕು. ಕಾರಣ ಇದೆ. ಹಾರ್ಮೋನ್ ಜಾಸ್ತಿಯಾದರೆ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ನಿದ್ದೆ ಬರುವುದಿಲ್ಲ, ಮನಸ್ಸಿಗೆ ಎಲ್ಲದರಲ್ಲೂ ಅವಸರ. ಹೈಪೋ ಇರುವವರು ನಿರ್ಧಾರಕ್ಕೆ ತಡ ಮಾಡಿದರೆ ಇವರು ಪೂರ್ತಿ ನೋಡುವ ಮೊದಲೇ ನಿರ್ಧರಿಸಿಬಿಡುತ್ತಾರೆ. ಹೈಪರ್‌ಗೆ ಸಾಮಾನ್ಯ ಕಾರಣವಾದ ಗ್ರೇವ್ಸ್ ಕಾಯಿಲೆಯಾದರೆ ಕಣ್ಣಿಗೂ ಬರಬಹುದು. ಕಣ್ಣಿನ ಸ್ನಾಯು ಊದಿ, ಒಂದು ದಿಕ್ಕಿಗೆ ನೋಡಿದಾಗ ರನ್‌ವೇ ದೀಪ ಎರಡೆರಡಾಗಿ ಕಂಡರೆ ಆ ದಿನವೇ ಹಾರಾಟ ನಿಲ್ಲಿಸಬೇಕು, ಕಣ್ಣಿನ ತಜ್ಞರ ವರದಿ ಇಲ್ಲದೆ ಮತ್ತೆ ಶುರು ಮಾಡುವ ಹಾಗಿಲ್ಲ. ಸಿಗರೇಟ್ ಸೇದುತ್ತಿದ್ದರೆ ಈಗಲೇ ಬಿಡಲಿ, ಕಣ್ಣಿನ ತೊಂದರೆಯನ್ನು ಅದು ಖಂಡಿತ ಹೆಚ್ಚಿಸುತ್ತದೆ. ಇನ್ನೊಂದು ಅಪರೂಪದ್ದಿದೆ, ಏಷ್ಯಾ ಮೂಲದ ಗಂಡಸರಲ್ಲಿ ಉಳಿದವರಿಗಿಂತ ಹೆಚ್ಚು. ಭಾರೀ ಊಟ ಅಥವಾ ಜೋರು ವ್ಯಾಯಾಮ ಆಗಿ ಕೆಲವು ಗಂಟೆಯ ಮೇಲೆ ರಕ್ತದ ಪೊಟ್ಯಾಸಿಯಂ ಇದ್ದಕ್ಕಿದ್ದಂತೆ ಇಳಿದು ಕೈಕಾಲು ಶಕ್ತಿ ಕಳೆದುಕೊಳ್ಳುತ್ತವೆ. ಹೀಗೆ ಒಮ್ಮೆಯಾದರೂ ಆಗಿದ್ದರೆ ಅದನ್ನು ಮುಚ್ಚಿಡಬಾರದು.

ಪ್ರೊಪ್ರನಲಾಲ್ ಕೊಟ್ಟ ಕೂಡಲೇ ನಡುಕ, ಎದೆಬಡಿತ ತಗ್ಗಿ 'ನಾನು ಸರಿಯಾದೆ' ಅನ್ನಿಸುತ್ತದೆ. ಅದು ಲಕ್ಷಣವನ್ನು ಅಡಗಿಸುತ್ತದೆ, ಹಾರ್ಮೋನ್ ಇನ್ನೂ ಮೇಲೇ ಇರುತ್ತದೆ. ಹಾರ್ಮೋನ್ ತಯಾರಿಕೆಯನ್ನೇ ತಗ್ಗಿಸುವ ಕಾರ್ಬಿಮಝೋಲ್ ಅಥವಾ ಮೆಥಿಮಝೋಲ್ ಮೇಲೆ ಸಾಮಾನ್ಯವಾಗಿ 12ರಿಂದ 18 ತಿಂಗಳು ಇರಬೇಕು, ಹಾರ್ಮೋನ್ ಸ್ಥಿರವಾದ ಮೇಲೆ ಮಾತ್ರೆ ನಡೆಯುತ್ತಿರುವಾಗಲೇ ಫಿಟ್ ಸಿಗಬಹುದು. ಆದರೆ ಮಾತ್ರೆ ನಿಲ್ಲಿಸಿದ ಮೇಲೆ ಸುಮಾರು ಅರ್ಧದಷ್ಟು ಜನರಿಗೆ ಕಾಯಿಲೆ ಮರಳುತ್ತದೆ. ಮತ್ತೆ ಮತ್ತೆ ಗ್ರೌಂಡ್ ಆಗುವುದು ಬೇಡ ಅಂತ ಕೆಲವರು ವಿಕಿರಣದಿಂದ ಗ್ರಂಥಿಯನ್ನು ಕುಗ್ಗಿಸುವ ರೇಡಿಯೋ ಅಯೋಡಿನ್ ಅಥವಾ ಗ್ರಂಥಿ ತೆಗೆಯುವ ಆಪರೇಶನ್ ಆರಿಸಿಕೊಳ್ಳುತ್ತಾರೆ. ಅದು ಯೋಚಿಸತಕ್ಕ ದಾರಿಯೇ, ಆಮೇಲೆ ಹೈಪೋ ಆಗಿ ನಿಮ್ಮ ಹಾಗೆ ದಿನಾ ಮಾತ್ರೆ ಬೇಕಾದರೂ ಅದನ್ನು ನಿಭಾಯಿಸುವುದು ಸುಲಭ. ಕಣ್ಣಿಗೆ ಬಂದಿದ್ದರೆ ರೇಡಿಯೋ ಅಯೋಡಿನ್ ಅದನ್ನು ಹೆಚ್ಚಿಸಬಹುದು, ಮೊದಲೇ ಕೇಳಿಕೊಳ್ಳಲಿ. ಅಯೋಡಿನ್-131ರ ಅರ್ಧಾಯುಷ್ಯ 8 ದಿನ, ದೇಹದಲ್ಲಿ ಉಳಿದ ಚೂರುಪಾರು ವಿಕಿರಣಕ್ಕೇ ವಿಮಾನ ನಿಲ್ದಾಣದ ವಿಕಿರಣ ಪತ್ತೆ ಯಂತ್ರ ಕೆಲವು ವಾರಗಳವರೆಗೂ ಕೂಗಿಕೊಳ್ಳಬಹುದು, ಹಾಗಾಗಿ ಆಸ್ಪತ್ರೆಯ ಪತ್ರ ಜೇಬಿನಲ್ಲಿರಲಿ. ಆಪರೇಶನ್ ಆದರೆ ಎರಡು ವಿಷಯ ನೋಡಬೇಕು. ದನಿಯ ನರಕ್ಕೆ ಪೆಟ್ಟಾಗಿಲ್ಲ, ಆರ್‌ಟಿಯಲ್ಲಿ (ವಿಮಾನದ ರೇಡಿಯೋದಲ್ಲಿ) ಮಾತು ಸ್ಪಷ್ಟವಾಗಿ ಕೇಳಿಸುತ್ತದೆ ಅನ್ನುವುದು ಒಂದು. ಕ್ಯಾಲ್ಶಿಯಂ ಇಳಿದಿಲ್ಲ ಅನ್ನುವುದು ಇನ್ನೊಂದು. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮ್ ಅನ್ನುತ್ತಿದ್ದರೆ ಕ್ಯಾಲ್ಶಿಯಂ ಟೆಸ್ಟ್ ಆಗಲೇ ಆಗಬೇಕು.

ಅವರು ಕಾರ್ಬಿಮಝೋಲ್ ಈಗಾಗಲೇ ಶುರು ಮಾಡಿದ್ದರೆ ಇದೊಂದನ್ನು ಇವತ್ತೇ ಅವರಿಗೆ ತಿಳಿಸಿ. ಅಪರೂಪಕ್ಕೆ ಈ ಮಾತ್ರೆ ರಕ್ತದ ಬಿಳಿ ಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ, ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ. ಜ್ವರ, ಗಂಟಲು ನೋವು, ಬಾಯಲ್ಲಿ ಹುಣ್ಣು ಬಂದರೆ ಮಾತ್ರೆ ನಿಲ್ಲಿಸಿ ಅದೇ ದಿನ ರಕ್ತಕಣಗಳ ಎಣಿಕೆ ಮಾಡಿಸಬೇಕು, ಲೇಓವರ್‌ನಲ್ಲಿ ಯಾವ ಊರಲ್ಲಿದ್ದರೂ ಸರಿ. ಊರಿಗೆ ಬಂದ ಮೇಲೆ ನೋಡೋಣ ಅಂತ ಕಾಯಬಾರದು.